ಸಿಮ್ ಕಳೆದರೂ ಸಂಖ್ಯೆ ಕಳೆಯಬಾರದು

ಸಂತೆಯಲ್ಲಿ ಜೇಬಿನಿಂದ ಜಾರಿದ, ಬಸ್ಸಿನ ನೂಕುನುಗ್ಗಲಿನಲ್ಲಿ ಕಳುವಾದ ಅಥವಾ ನಾಟಿಯ ದಿನ ಗದ್ದೆಯ ಕೆಸರಿನಲ್ಲಿ ಹೂತುಹೋದ ಮೊಬೈಲ್ ಫೋನಿನ ಬಗ್ಗೆ ರೈತರು ಮೊದಲು ಚಿಂತಿಸುವುದು ಅದರ ಬೆಲೆಯನ್ನು ಕುರಿತು. ಎಂಟು ಸಾವಿರವೋ ಹತ್ತು ಸಾವಿರವೋ ಹೋಯಿತಲ್ಲ ಎಂದು ಮರುಗುವುದು ಸಹಜ. ಆದರೆ ಆ ಫೋನಿನೊಳಗೆ ಉಗುರಿನಷ್ಟು ಅಗಲದ ಸಿಮ್ ಎಂಬ ಒಂದು ಚೂರು ಇರುತ್ತದೆ. ಬೇಸಾಯಗಾರನ ಮಟ್ಟಿಗೆ ಇಂದು ಫೋನಿಗಿಂತ ಹೆಚ್ಚು ಜೋಪಾನ ಮಾಡಬೇಕಾದುದು ಈ ಚೂರನ್ನು ಮತ್ತು ಅದರೊಂದಿಗೆ ಬಂದ ಹತ್ತು ಅಂಕಿಯ ಸಂಖ್ಯೆಯನ್ನು ಎಂಬುದು ನನ್ನ ಖಚಿತ ಅಭಿಪ್ರಾಯ.

ಬೇಸಾಯಶಾಸ್ತ್ರದವನು ಗೊಬ್ಬರ, ಕಳೆ, ಅಂತರ ಬೇಸಾಯದ ಮಾತು ಬಿಟ್ಟು ಸಿಮ್ಮಿನ ವಿಚಾರಕ್ಕೆ ಏಕೆ ಇಳಿದನೆಂದು ಕೆಲವರಿಗೆ ಅನ್ನಿಸಬಹುದು. ಇಳಿಯಲೇಬೇಕಾಗಿದೆ. ನಮ್ಮ ರಾಜ್ಯದಲ್ಲಿ ಫ್ರೂಟ್ಸ್ ತಂತ್ರಾಂಶದಲ್ಲಿ ನೋಂದಾಯಿಸಿ ಎಫ್‌ಐಡಿ ಪಡೆದ ರೈತನ ವಿವರದಲ್ಲಿ ಆತನ ಫೋನ್ ಸಂಖ್ಯೆಯೂ ಸೇರಿದೆ. ಬೆಳೆ ವಿಮೆಯ ಅರ್ಜಿ, ಬೆಳೆ ಸಮೀಕ್ಷೆಯ ಆ್ಯಪ್, ಸೊಸೈಟಿಯ ಸಾಲದ ಖಾತೆ, ಬ್ಯಾಂಕಿನ ಪಾಸ್‌ಬುಕ್, ಆಧಾರ್, ಪ್ರಧಾನಮಂತ್ರಿ ಕಿಸಾನ್ ಸಮ್ಮಾನ್ ಯೋಜನೆಯಲ್ಲಿ ವರ್ಷಕ್ಕೆ 3 ಕಂತುಗಳಲ್ಲಿ ಬರುವ 6,000 ರೂಪಾಯಿ, ಇವೆಲ್ಲಕ್ಕೂ ಒಂದೇ ಸಂಖ್ಯೆಯನ್ನು ಕೊಟ್ಟಿರುತ್ತೇವೆ. ಪಹಣಿಯಲ್ಲಿ ಹೆಸರು ತಪ್ಪಿದ್ದರೆ ಎಷ್ಟು ಕಚೇರಿ ಸುತ್ತಬೇಕಾಗುತ್ತದೆಂದು ನಮ್ಮ ರೈತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಫೋನಿನ ಸಂಖ್ಯೆಯೂ ಈಗ ಅದೇ ದರ್ಜೆಯ ದಾಖಲೆಯಾಗಿದೆ. ಅದನ್ನು ನಾವಿನ್ನೂ ಹಾಗೆ ಕಾಣುತ್ತಿಲ್ಲ, ಅಷ್ಟೇ.

ಸಿಮ್ ಕಳೆದವರು ಮಾಡುವ ಅತಿ ದೊಡ್ಡ ಅನರ್ಥವೆಂದರೆ ಹೊಸ ಸಂಖ್ಯೆಯನ್ನು ಕೊಳ್ಳುವುದು. ಪೇಟೆಯ ಸರ್ಕಲ್ಲಿನಲ್ಲಿ ಬಣ್ಣದ ಕೊಡೆಯ ಕೆಳಗೆ ಕುಳಿತ ಮಾರಾಟಗಾರನು ಹತ್ತು ನಿಮಿಷದಲ್ಲಿ ಹೊಸ ಸಿಮ್ ಹಾಕಿಕೊಡುತ್ತಾನೆ. ಜೊತೆಗೆ ಒಂದು ತಿಂಗಳ ಕರೆಯ ಸೌಲಭ್ಯವನ್ನೂ ಕೊಡುತ್ತಾನೆ. ನೆಂಟರಿಷ್ಟರಿಗೆ ಹೊಸ ಸಂಖ್ಯೆ ತಿಳಿಸಿದರೆ ಕೆಲಸ ಮುಗಿಯಿತೆಂದು ರೈತನು ತಿಳಿಯುತ್ತಾನೆ. ಬ್ಯಾಂಕು, ಆಧಾರ್, ಫ್ರೂಟ್ಸ್, ಸೊಸೈಟಿ ಇವು ಹಳೆಯ ಸಂಖ್ಯೆಗೇ ಸಂದೇಶ ಕಳುಹಿಸುತ್ತಲೇ ಇರುತ್ತವೆ. ಆ ಹಳೆಯ ಸಂಖ್ಯೆ ಕಳ್ಳನ ಕೈಯಲ್ಲಿರಬಹುದು, ಇಲ್ಲವೇ ಕೆಲವು ತಿಂಗಳ ನಂತರ ಯಾವುದೋ ಊರಿನ ಅಪರಿಚಿತನದಾಗಬಹುದು. 90 ದಿನ ಬಳಕೆಯೇ ಇಲ್ಲದ ಸಂಖ್ಯೆಯನ್ನು ಕಂಪನಿ ಕಡಿತಗೊಳಿಸಬಹುದು, ಕಡಿತವಾದ ಮೇಲೆ ಇನ್ನೂ 90 ದಿನ ಅದನ್ನು ಬೇರೆಯವರಿಗೆ ಕೊಡುವಂತಿಲ್ಲ, ಆಮೇಲೆ ಕೊಡಬಹುದು. ಹೀಗೆ ಕೈ ಬದಲಾಗುವ ಸಂಖ್ಯೆಗಳ ವಿಷಯ 2023ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಗಿತ್ತು. ನಿಮ್ಮ ಖಾತೆಗೆ ಹಣ ಜಮೆಯಾದ ಸಂದೇಶವನ್ನು ಇನ್ನೊಬ್ಬರು ಓದುವ ಸ್ಥಿತಿ ಬರುವುದು ಹೀಗೆ.

ಸಿಮ್ ಹೋದರೆ ಸಂಖ್ಯೆ ಹೋದಂತಲ್ಲವೇ ಎಂದು ಕೇಳುವವರುಂಟು. ಖಂಡಿತ ಇಲ್ಲ. ಪಹಣಿಯ ಪ್ರತಿ ಹರಿದುಹೋದರೆ ಹೊಲವೇನೂ ಹೋಗುವುದಿಲ್ಲ. ತಾಲ್ಲೂಕು ಕಚೇರಿಯ ಗಣಕದಲ್ಲಿ ಅದು ನಿಮ್ಮ ಹೆಸರಿನಲ್ಲೇ ಇರುತ್ತದೆ. ಸಿಮ್ಮಿನ ಒಳಗೆ ಒಂದು ಗುರುತು ಮತ್ತು ಒಂದು ಗುಟ್ಟಿನ ಕೀಲಿ ಇರುತ್ತವೆ. ಇಂಥ ಗುರುತಿನ ಸಿಮ್ಮಿಗೆ ಇಂಥ ಸಂಖ್ಯೆ ಎಂಬ ಲೆಕ್ಕ ಕಂಪನಿಯ ಗಣಕದಲ್ಲಿರುತ್ತದೆ. ಬದಲಿ ಸಿಮ್ ಕೊಡುವುದೆಂದರೆ ಅದೇ ಸಂಖ್ಯೆಯನ್ನು ಹೊಸ ಚೂರಿಗೆ ಸೇರಿಸಿ ಹಳೆಯದನ್ನು ಕಳಚುವುದು. ಬದಲಿ ಸಿಮ್ ಚಾಲೂ ಆದೊಡನೆ ಕಳುವಾದ ಸಿಮ್ ಸತ್ತುಹೋಗುತ್ತದೆ. ಹಳೆಯ ಸಿಮ್ಮಿನಲ್ಲೇ ಬರೆದಿಟ್ಟಿದ್ದ ಹೆಸರು-ನಂಬರುಗಳು ಮಾತ್ರ ಮರಳಿ ಬರುವುದಿಲ್ಲ. ಬೇಕಾದವರ ನಂಬರುಗಳನ್ನು ಗೋಡೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದಿಡುವ ನಮ್ಮ ಹಿರಿಯರ ಅಭ್ಯಾಸ ಈಗಲೂ ಒಳ್ಳೆಯದೇ.

ಕಳೆದ ದಿನ ಮಾಡಬೇಕಾದ ಕೆಲಸ

ಫೋನಿಗೆ ಬೀಗದ ಗುರುತು ಹಾಕಿದ್ದೇನೆ, ಕಳ್ಳನಿಗೆ ತೆರೆಯಲು ಬರುವುದಿಲ್ಲ ಎಂದು ಧೈರ್ಯದಿಂದ ಇರುವವರು ಒಂದನ್ನು ಮರೆಯುತ್ತಾರೆ. ಕಳ್ಳನು ಫೋನನ್ನು ತೆರೆಯಬೇಕಾಗಿಯೇ ಇಲ್ಲ. ಸಿಮ್ಮನ್ನು ಹೊರಗೆ ತೆಗೆದು ತನ್ನ ಫೋನಿಗೆ ಹಾಕಿಕೊಂಡರೆ ನಿಮಗೆ ಬರಬೇಕಾದ ಓಟಿಪಿಗಳೆಲ್ಲ ಅವನಿಗೆ ಬರುತ್ತವೆ. ಯುಪಿಐ ಪಿನ್ ಹೊಸದಾಗಿ ಇಟ್ಟುಕೊಳ್ಳಲು ಬೇಕಾಗುವುದು ಎಟಿಎಂ ಕಾರ್ಡಿನ ಕೊನೆಯ 6 ಅಂಕಿಗಳು, ಕಾರ್ಡಿನ ಅವಧಿ ಮುಗಿಯುವ ತಿಂಗಳು-ವರ್ಷ ಮತ್ತು ಓಟಿಪಿ. ಕೆಲವು ಬ್ಯಾಂಕುಗಳು ಎಟಿಎಂ ಪಿನ್ನನ್ನೂ ಕೇಳುತ್ತವೆ. ಇನ್ನು ನಮ್ಮಲ್ಲಿ ಎಷ್ಟು ಜನ ಎಟಿಎಂ ಕಾರ್ಡನ್ನು ಫೋನಿನ ಹಿಂದಿನ ಕವರಿನಲ್ಲಿ ಸಿಕ್ಕಿಸಿ, ಅದರ ಪಿನ್ನನ್ನು ಒಂದು ಚೀಟಿಯಲ್ಲಿ ಬರೆದು ಅದನ್ನೂ ಅಲ್ಲೇ ಮಡಿಚಿಡುತ್ತಾರೆ! ಕಣಜದ ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ಅಲ್ಲೇ ನೇತುಹಾಕಿದಂತಾಗುತ್ತದೆ. ಕಾರ್ಡನ್ನು ಮತ್ತು ಆಧಾರ್ ಪ್ರತಿಯನ್ನು ಫೋನಿನೊಂದಿಗೆ ಇಡಲೇಬಾರದು.

ಆದುದರಿಂದ ಫೋನು ಕಾಣೆಯಾಗಿದೆ ಎಂದು ಖಚಿತವಾದ ಕೂಡಲೇ ಪಕ್ಕದವರ ಫೋನಿನಿಂದಲೇ ಕಂಪನಿಗೆ ತಿಳಿಸಿ ಸಿಮ್ಮನ್ನು ನಿಲ್ಲಿಸಬೇಕು. ಅದೇ ಕಂಪನಿಯ ಇನ್ನೊಂದು ಸಿಮ್ ಇರುವವರು ಸಿಕ್ಕಿದರೆ 198ಕ್ಕೆ ಕರೆ ಮಾಡಬಹುದು. ನಂತರ ಬ್ಯಾಂಕಿಗೆ ಕರೆ ಮಾಡಿ ಕಾರ್ಡು ಮತ್ತು ಯುಪಿಐ ಎರಡನ್ನೂ ತಡೆಹಿಡಿಯಲು ಹೇಳಬೇಕು, ದೂರಿನ ಸಂಖ್ಯೆಯನ್ನು ಬರೆದುಕೊಳ್ಳಬೇಕು. ಇದಕ್ಕೆ ಕಾರಣವಿದೆ. ಅನಧಿಕೃತ ವ್ಯವಹಾರಗಳ ಬಗ್ಗೆ ರಿಸರ್ವ್ ಬ್ಯಾಂಕು 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆಯಲ್ಲಿ ಒಂದು ಮುಖ್ಯ ತತ್ತ್ವವಿದೆ: ಗ್ರಾಹಕನ ಅಲಕ್ಷ್ಯದಿಂದ ಹಣ ಹೋಗಿದ್ದರೂ ಆತನು ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಮಾತ್ರ ಆತನದು, ತಿಳಿಸಿದ ನಂತರದ ನಷ್ಟವನ್ನು ಬ್ಯಾಂಕು ಹೊರಬೇಕು. ಬೆಳಿಗ್ಗೆ ಕಳೆದ ಫೋನಿನ ಸುದ್ದಿಯನ್ನು ಸಂಜೆ ಹಾಲು ಕರೆದ ಮೇಲೆ ಹೇಳೋಣವೆಂದು ಮುಂದೂಡುವವರು ಆ ನಡುವಿನ ಗಂಟೆಗಳ ಹೊಣೆಯನ್ನು ತಮ್ಮ ತಲೆಯ ಮೇಲೆ ಎಳೆದುಕೊಳ್ಳುತ್ತಾರೆ. ಹಣ ಆಗಲೇ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ ದೂರು ಕೊಡತಕ್ಕದ್ದು.

ಪೊಲೀಸ್ ದೂರಿಗೆ ನಮ್ಮವರು ಹಿಂಜರಿಯುತ್ತಾರೆ. ಕಳೆದುಹೋದ ವಸ್ತುವಿಗೆ ರಾಜ್ಯ ಪೊಲೀಸರ ಇ-ಲಾಸ್ಟ್ ಸೌಲಭ್ಯದಲ್ಲಿ ಮನೆಯಿಂದಲೇ ವರದಿ ಸಲ್ಲಿಸಬಹುದು. ಕಳುವಾಗಿದ್ದರೆ ಠಾಣೆಗೇ ಹೋಗಬೇಕು. ಫೋನು ಕಳುವಾದದ್ದು ದೂರದ ಸಂತೆಯಲ್ಲಿ, ನಮ್ಮ ಠಾಣೆಗೆ ಸೇರುವುದಿಲ್ಲ ಎಂಬ ಮಾತು ಕೇಳಿಬಂದರೆ, 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನ ಪ್ರಕಾರ ಅಪರಾಧ ಎಲ್ಲಿ ನಡೆದಿದ್ದರೂ ಮಾಹಿತಿ ಸ್ವೀಕರಿಸಬೇಕೆಂದು ವಿನಯದಿಂದಲೇ ನೆನಪಿಸಬಹುದು.

ಅನಂತರ ಕಂಪನಿಯ ಸ್ವಂತ ಅಂಗಡಿಗೆ ಹೋಗಬೇಕು. ಸಂಖ್ಯೆ ಯಾರ ಹೆಸರಿನಲ್ಲಿದೆಯೋ ಅವರೇ ಹೋಗಬೇಕು, ಮೂಲ ಗುರುತಿನ ಚೀಟಿ ಕೈಯಲ್ಲಿರಬೇಕು. ದೂರಸಂಪರ್ಕ ಇಲಾಖೆ 2023ರ ಆಗಸ್ಟಿನಲ್ಲಿ ಪ್ರಕಟಿಸಿದ ಸುಧಾರಣೆಗಳಂತೆ ಬದಲಿ ಸಿಮ್ಮಿಗೂ ಗುರುತಿನ ಪರಿಶೀಲನೆಯನ್ನು ಪೂರ್ತಿಯಾಗಿ ಮತ್ತೊಮ್ಮೆ ಮಾಡಲಾಗುತ್ತದೆ. ಇಲ್ಲಿ ದುಡಿಯುವ ಕೈಗಳಿಗೆ ಒಂದು ತೊಡಕಿದೆ. ಕಳೆ ಕಿತ್ತು, ಸುಣ್ಣ-ಗೊಬ್ಬರ ಎರಚಿ, ಹಗ್ಗ ಎಳೆದು ಸವೆದ ಬೆರಳುಗಳ ಗುರುತನ್ನು ಯಂತ್ರ ಎಷ್ಟೋ ಸಲ ಒಪ್ಪುವುದಿಲ್ಲ. ವಯಸ್ಸಾದವರಲ್ಲಿ ಇದು ಇನ್ನೂ ಹೆಚ್ಚು. ಅದೇ ಸುಧಾರಣೆಗಳಲ್ಲಿ ಬೆರಳು ಮತ್ತು ಕಣ್ಣಿನ ಪಾಪೆಯ ಜೊತೆಗೆ ಮುಖದ ಮೂಲಕ ಗುರುತಿಸುವುದಕ್ಕೂ ಅನುಮತಿ ಕೊಡಲಾಗಿದೆ. ಬೆರಳು ಬರಲಿಲ್ಲವೆಂದು ಹಿಂದಕ್ಕೆ ಕಳುಹಿಸಿದರೆ ಸುಮ್ಮನೆ ಬಸ್ಸು ಹತ್ತದೆ ಮುಖ ಗುರುತಿನ ಸೌಲಭ್ಯವನ್ನು ಕೇಳಬೇಕು. ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಬನ್ನಿ ಎಂದು ಹೇಳಿ ಮೂರು ಸಲ ಅಲೆದಾಡಿಸುವ ಅಂಗಡಿಗಳ ಬಗ್ಗೆ ನನಗೆ ಗೌರವವಿಲ್ಲ.

ಬದಲಿ ಸಿಮ್ ಚಾಲೂ ಆದ ಮೇಲೂ ಮೊದಲ 24 ಗಂಟೆ ಸಂದೇಶಗಳು ಬರುವುದೂ ಇಲ್ಲ, ಹೋಗುವುದೂ ಇಲ್ಲ, ಓಟಿಪಿಯೂ ಸಂದೇಶವೇ. ಸಿಮ್ ಕೆಟ್ಟಿದೆಯೆಂದು ಅಂಗಡಿಯವನೊಡನೆ ಜಗಳಕ್ಕೆ ನಿಲ್ಲುವವರು ಇದನ್ನು ತಿಳಿದಿರಬೇಕು. ಈ ತಡೆಯನ್ನು ತೆಗೆಯಬೇಕೆಂಬ ವಾದವನ್ನು ನಾನು ಒಪ್ಪುವುದಿಲ್ಲ. ಮೋಸಗಾರರು ನಕಲಿ ಕಾಗದ ತೋರಿಸಿ ಬೇರೆಯವರ ಸಂಖ್ಯೆಗೆ ತಾವೇ ಬದಲಿ ಸಿಮ್ ಪಡೆದು ರಾತ್ರೋರಾತ್ರಿ ಖಾತೆ ಬರಿದುಮಾಡಿದ ಪ್ರಕರಣಗಳ ನಂತರ ಬಂದ ತಡೆಯಿದು. ಹೊಲದಲ್ಲಿದ್ದಾಗ ಸಿಗ್ನಲ್ ಹೋದರೆ ಟವರಿನ ದೋಷವೆಂದು ಬಿಡುತ್ತೇವೆ. ಅಕ್ಕಪಕ್ಕದವರ ಅದೇ ಕಂಪನಿಯ ಫೋನು ಸರಿಯಿದ್ದು ನಿಮ್ಮದು ಮಾತ್ರ ಗಂಟೆಗಟ್ಟಲೆ ಮೂಕವಾಗಿದ್ದರೆ ಕಂಪನಿಯನ್ನು ಕೇಳಲೇಬೇಕು. ಆ ಒಂದು ದಿನದ ತಡೆ ನಿಮಗೆ ಸಿಕ್ಕಿದ ವಾಯಿದೆ. ಆದರೆ ಕಳುವಾದ ಮೂಲ ಸಿಮ್ಮಿಗೆ ಈ 24 ಗಂಟೆಯ ತಡೆ ಇರುವುದಿಲ್ಲ. ಕಳ್ಳನ ಕೈಯಲ್ಲಿ ಅದು ಮೊದಲಿನಂತೆಯೇ ನಡೆಯುತ್ತದೆ. ಕಂಪನಿಗೆ ಕೂಡಲೇ ತಿಳಿಸಿ ಎಂದು ಮೇಲೆ ಒತ್ತಿ ಹೇಳಿರುವುದು ಇದಕ್ಕಾಗಿಯೇ.

ಕಳುವಾದ ಫೋನನ್ನೇ ದೇಶದಾದ್ಯಂತ ನಿರುಪಯೋಗಿ ಮಾಡುವ ಸಂಚಾರ್ ಸಾಥಿ ಸೌಲಭ್ಯ 2023ರ ಮೇ ತಿಂಗಳಿನಿಂದ ಇದೆ. ಅದಕ್ಕೆ ಪೊಲೀಸ್ ದೂರಿನ ಪ್ರತಿ ಮತ್ತು ಫೋನಿನ 15 ಅಂಕಿಯ ಐಎಂಇಐ ಸಂಖ್ಯೆ ಬೇಕು. ಓಟಿಪಿ ಬದಲಿ ಸಿಮ್ಮಿಗೆ ಬರಬೇಕಾದ್ದರಿಂದ ಈ ಅರ್ಜಿಯನ್ನು ಮರುದಿನ ಹಾಕುವುದು ಸೂಕ್ತ. ಐಎಂಇಐ ಸಂಖ್ಯೆ ಫೋನಿನ ಡಬ್ಬಿಯ ಮೇಲೆ ಇರುತ್ತದೆ. ಫೋನು ಕೈಯಲ್ಲಿರುವಾಗಲೇ *#06# ಒತ್ತಿದರೂ ಕಾಣುತ್ತದೆ. ಇಂದೇ ಅದನ್ನು ಪಹಣಿ ಇಡುವ ಕಡತದಲ್ಲಿ ಬರೆದಿಡಿ.

ಇನ್ನೊಂದು ಮುಂಜಾಗ್ರತೆಯೂ ಉಂಟು. ಇದನ್ನು ನೂರಕ್ಕೆ ಒಬ್ಬರೂ ಬಳಸುವಂತೆ ಕಾಣುವುದಿಲ್ಲ. ಫೋನಿಗಲ್ಲದೆ ಸಿಮ್ಮಿಗೇ ಬೇರೆ ಪಿನ್ ಹಾಕಬಹುದು. ಆಗ ಸಿಮ್ಮನ್ನು ಬೇರೆ ಫೋನಿಗೆ ಹಾಕಿದರೂ ಪಿನ್ ಇಲ್ಲದೆ ನಡೆಯುವುದಿಲ್ಲ. ಮೊದಲಿಗೆ ಕಂಪನಿ ಇಟ್ಟಿರುವ ಪಿನ್ ಯಾವುದೆಂದು ಅಂಗಡಿಯಲ್ಲಿ ಕೇಳಿಯೇ ಬದಲಿಸಬೇಕು. ಊಹೆಯಿಂದ ಒತ್ತಬಾರದು. ಮೂರು ಸಲ ತಪ್ಪಿದರೆ ಸಿಮ್ ಬೀಗ ಬಿದ್ದು ಪಿಯುಕೆ ಎಂಬ ಸಂಖ್ಯೆಯನ್ನು ಕೇಳುತ್ತದೆ. ಅದೂ ಹತ್ತು ಸಲ ತಪ್ಪಿದರೆ ಆ ಸಿಮ್ ಶಾಶ್ವತವಾಗಿ ಕೆಡುತ್ತದೆ.

ಯಾರ ಹೆಸರಿನ ಸಿಮ್?

ಮೇಲೆ ಹೇಳಿದ್ದೆಲ್ಲ ಸಂಖ್ಯೆ ತನ್ನ ಹೆಸರಿನಲ್ಲಿರುವ ರೈತನಿಗೆ ಅನ್ವಯಿಸುತ್ತದೆ. ನಮ್ಮ ಹಳ್ಳಿಗಳಲ್ಲಿ ಮುಖ್ಯ ತೊಂದರೆ ಇರುವುದೇ ಇಲ್ಲಿ. ತಂದೆ ಬಳಸುವ ಸಿಮ್ ಬೆಂಗಳೂರಿನಲ್ಲಿರುವ ಮಗನ ಹೆಸರಿನಲ್ಲಿ, ಹೆಂಡತಿ ಬಳಸುವುದು ಗಂಡನ ಹೆಸರಿನಲ್ಲಿ, ಕೆಲವರದು ಪುಕ್ಕಟೆ ಸಿಮ್ ಹಂಚಿದ ಕಾಲದಲ್ಲಿ ಯಾರೋ ತಂದುಕೊಟ್ಟದ್ದು. ಯಾರ ಹೆಸರಿನಲ್ಲಿದೆ ಎಂಬುದೇ ಗೊತ್ತಿಲ್ಲ. ಬಳಸುವವರೆಗೆ ಎಲ್ಲವೂ ಸರಿಯಾಗಿಯೇ ಇರುತ್ತದೆ. ಕಳೆದ ದಿನ ಅಂಗಡಿಗೆ ಹೋದಾಗ ಆಧಾರಿನ ಹೆಸರಿಗೂ ಸಿಮ್ಮಿನ ಹೆಸರಿಗೂ ತಾಳೆಯಾಗುವುದಿಲ್ಲ. ಹತ್ತು ವರ್ಷದಿಂದ ನಾನೇ ಬಳಸುತ್ತಿದ್ದೇನೆ ಎಂಬ ಮಾತು ಅಲ್ಲಿ ನಡೆಯದು. ಸ್ವಾಧೀನ ಇದ್ದು ಖಾತೆ ಇಲ್ಲದ ಜಮೀನಿನ ಕಥೆಯೇ ಇದು.

ಮಹಿಳೆಯರ ವಿಷಯದಲ್ಲಿ ಇದನ್ನು ವಿಶೇಷವಾಗಿ ಹೇಳಬೇಕು. ಜಮೀನು ಹೆಣ್ಣುಮಗಳ ಹೆಸರಿನಲ್ಲಿದ್ದು ಎಫ್‌ಐಡಿ ಆಕೆಯದಾಗಿದ್ದರೂ ಅದಕ್ಕೆ ಕೊಟ್ಟ ಫೋನ್ ಸಂಖ್ಯೆ ಮನೆಯ ಗಂಡಸಿನದಾಗಿರುವುದು ಬಹಳ ಕಡೆ ಕಂಡುಬರುತ್ತದೆ. ಪರಿಹಾರದ ಹಣ ಯಾವಾಗ ಬಂತು, ಯಾವಾಗ ಹೋಯಿತು ಎಂಬ ಸಂದೇಶವೇ ಆಕೆಗೆ ಮುಟ್ಟುವುದಿಲ್ಲ. ಇದನ್ನು ನಾನು ತಾಂತ್ರಿಕ ತೊಡಕೆಂದು ಕರೆಯಲಾರೆ. ಒಕ್ಕಲುತನದಲ್ಲಿ ಅರ್ಧಕ್ಕಿಂತ ಹೆಚ್ಚು ಮೈಮುರಿಯುವವಳ ಹೆಸರಿನಲ್ಲಿ ಒಂದು ಸಿಮ್ ಇರಲಾರದಷ್ಟು ಬಡತನ ನಮ್ಮ ಮನೆಗಳಲ್ಲಿಲ್ಲ.

ಪರಿಹಾರ ಸುಲಭವಿದೆ. ಫೋನು ಕೈಯಲ್ಲಿರುವಾಗಲೇ ಒಮ್ಮೆ ಕಂಪನಿಯ ಅಂಗಡಿಯಲ್ಲಿ ವಿಚಾರಿಸಿ, ಬೇರೆಯವರ ಹೆಸರಿನಲ್ಲಿದ್ದರೆ ಅವರ ಒಪ್ಪಿಗೆಯೊಂದಿಗೆ ಹೆಸರು ಬದಲಾವಣೆ ಮಾಡಿಸಿಕೊಳ್ಳಬೇಕು. ಹಬ್ಬಕ್ಕೆ ಊರಿಗೆ ಬಂದ ಮಗನನ್ನು ಅರ್ಧ ದಿನ ಪೇಟೆಗೆ ಕರೆದುಕೊಂಡು ಹೋದರೆ ಆಗುವ ಕೆಲಸ. ನಿಮ್ಮ ಹೆಸರಿನಲ್ಲಿ ನಿಮಗೆ ಗೊತ್ತಿಲ್ಲದ ಸಿಮ್‌ಗಳು ಇವೆಯೇ ಎಂಬುದನ್ನೂ ಸಂಚಾರ್ ಸಾಥಿಯಲ್ಲಿ ನೋಡಬಹುದು. ಒಬ್ಬರ ಹೆಸರಿನಲ್ಲಿ 9 ಸಿಮ್‌ಗಳವರೆಗೆ ಇರಲು ಅವಕಾಶವಿರುವುದರಿಂದ ನೋಡುವುದು ಮೇಲು.

ಪಂಪಿನ ಡಬ್ಬಿಯಲ್ಲಿ ಕುಳಿತ ಸಿಮ್

ಮೊಬೈಲ್ ಸ್ಟಾರ್ಟರ್ ಬಂದ ಮೇಲೆ ರಾತ್ರಿ ಮೂರು ಗಂಟೆಗೆ ಕರೆಂಟು ಬಂದಾಗ ಹಾವು-ಚೇಳಿನ ನಡುವೆ ಬೋರ್‌ವೆಲ್ಲಿನವರೆಗೆ ನಡೆಯುವುದು ತಪ್ಪಿದೆ. ಅದರೊಳಗೂ ಒಂದು ಸಿಮ್ ಇದೆ. ಎಷ್ಟೋ ಮನೆಗಳಲ್ಲಿ ಕಂಡ ಸಂಗತಿಯೆಂದರೆ, ತಮ್ಮ ಬಳಕೆಗೆ ಹೊಸ ಸಿಮ್ ತೆಗೆದುಕೊಂಡು, ಹೇಗೂ ಇದೆಯಲ್ಲ ಎಂದು ಹಳೆಯ ಸಿಮ್ಮನ್ನು ಸ್ಟಾರ್ಟರಿಗೆ ಹಾಕುವುದು. ಬ್ಯಾಂಕಿಗೂ ಆಧಾರಿಗೂ ಸೇರಿದ್ದು ಆ ಹಳೆಯ ಸಂಖ್ಯೆಯೇ! ಓಟಿಪಿಗಳು ಹೊಲದ ಮಧ್ಯದ ತಗಡಿನ ಡಬ್ಬಿಗೆ ಹೋಗಿ ಬೀಳುತ್ತಿರುತ್ತವೆ. ಕೇಬಲ್ ಕಳ್ಳರು ಬಂದು ತಾಮ್ರದ ತಂತಿಯೊಡನೆ ಸ್ಟಾರ್ಟರನ್ನೂ ಹೊತ್ತೊಯ್ದರೆ, ರೈತನು ತಂತಿಯ ಮೀಟರು ಲೆಕ್ಕ ಹಾಕುತ್ತಾನೆಯೇ ಹೊರತು ಸಿಮ್ಮಿನ ನೆನಪು ಮಾಡಿಕೊಳ್ಳುವುದಿಲ್ಲ. ಆ ಸಿಮ್ಮಿನಿಂದ ಯಾರಾದರೂ ಅಪರಾಧದ ಕರೆ ಮಾಡಿದರೆ ಪೊಲೀಸರು ಮೊದಲು ಹುಡುಕಿಕೊಂಡು ಬರುವುದು ಹೆಸರಿರುವವನ ಮನೆಗೆ. ಸ್ಟಾರ್ಟರಿಗೆ ಬೇರೆಯೇ ಸಿಮ್ ಇರಲಿ. ಅದನ್ನು ಯಾವ ಖಾತೆಗೂ ಜೋಡಿಸಬೇಡಿ. ಕಳುವಿನ ದೂರಿನಲ್ಲಿ ಆ ಸಂಖ್ಯೆಯನ್ನೂ ಬರೆಸಿ, ಅದೇ ದಿನ ನಿಲ್ಲಿಸಿ. ಈಗಾಗಲೇ ಹಳೆಯ ಸಿಮ್ ಅಲ್ಲಿದ್ದರೆ ಈ ವಾರವೇ ತೆಗೆದು ಮನೆಗೆ ತನ್ನಿ.

ಇಲಾಖೆಗಳಿಗೂ ಒಂದು ಮಾತು ಹೇಳಬೇಕು. ರೈತನ ಎಲ್ಲ ವ್ಯವಹಾರವನ್ನೂ ಒಂದೇ ಸಂಖ್ಯೆಗೆ ಕಟ್ಟಿದ ಮೇಲೆ ಆ ಸಂಖ್ಯೆ ಕೈತಪ್ಪಿದಾಗ ದಾರಿ ತೋರುವ ಹೊಣೆ ಕಟ್ಟಿದವರ ಮೇಲೂ ಇದೆ. ಕಿಸಾನ್ ಸಮ್ಮಾನ್ ಯೋಜನೆಯ ಇ-ಕೆವೈಸಿಯನ್ನು ಓಟಿಪಿ ಇಲ್ಲದೆ ಸೇವಾ ಕೇಂದ್ರದಲ್ಲಿ ಬೆರಳಚ್ಚಿನಿಂದ ಮಾಡಿಸಬಹುದು, 2023ರಿಂದ ಆ್ಯಪಿನಲ್ಲಿ ಮುಖದ ಮೂಲಕವೂ ಮಾಡಬಹುದು. ಇದು ಒಳ್ಳೆಯ ಮಾದರಿ. ಪ್ರತಿಯೊಂದು ಯೋಜನೆಯಲ್ಲೂ ಓಟಿಪಿಗೆ ಹೀಗೊಂದು ಬದಲಿ ದಾರಿ ಇರಲೇಬೇಕು. ಮನೆಯ ಇನ್ನೊಬ್ಬರ ಸಂಖ್ಯೆಯನ್ನು ಎರಡನೆಯದಾಗಿ ದಾಖಲಿಸಲು ಅವಕಾಶ ಇರಬೇಕು. ವಿಮೆ ನೋಂದಣಿಯ ಕೊನೆಯ ವಾರದಲ್ಲಿ ಸಿಮ್ ಕಳೆದವನಿಗೆ 24 ಗಂಟೆಯ ತಡೆಯೂ ಭಾರವೇ. ರೈತರೂ ಎಲ್ಲವನ್ನೂ ಕೊನೆಯ ದಿನಕ್ಕೆ ಉಳಿಸಿಕೊಳ್ಳುವ ಚಾಳಿ ಬಿಡಬೇಕೆಂಬುದು ಬೇರೆ ಮಾತು. ವಿಮೆ ಮಾಡಿಸಿದ ಬೆಳೆ ಆಲಿಕಲ್ಲಿಗೆ ಸಿಕ್ಕಿದಾಗ 72 ಗಂಟೆಯೊಳಗೆ ತಿಳಿಸಬೇಕೆಂಬ ನಿಯಮ ಫೋನು ಕಳೆದವನಿಗೂ ಒಂದೇ. ನೆರೆಯವರ ಫೋನಿನಿಂದ 14447ಕ್ಕೆ ಕರೆ ಮಾಡಬಹುದು. ನಿಮ್ಮ ಸಿಮ್ಮಿಗಾಗಿ ಕಾಯಬೇಡಿ. ಬೆಳೆಯ ಸಲಹೆಗೆ ಕಿಸಾನ್ ಕಾಲ್ ಸೆಂಟರಿನ 1800-180-1551ಕ್ಕೂ ಯಾರ ಫೋನಾದರೂ ಆದೀತು.

ಕೊನೆಯದಾಗಿ, ಮನೆಯ ಹಿರಿಯರು ತೀರಿಕೊಂಡಾಗ ಅವರ ಸಿಮ್ಮಿನ ವಿಷಯ. ಫೋನನ್ನು ಮೊಮ್ಮಕ್ಕಳ ಕೈಗೆ ಕೊಟ್ಟು, ಸಿಮ್ಮನ್ನು ಎಲ್ಲೋ ಎಸೆದು, ರೀಚಾರ್ಜ್ ನಿಲ್ಲಿಸಿಬಿಡುತ್ತಾರೆ. ಬ್ಯಾಂಕಿನ, ಸೊಸೈಟಿಯ, ವಿಮೆಯ ಸಂದೇಶಗಳು ಆ ಸಂಖ್ಯೆಗೇ ಬರುವುದಿರುತ್ತದೆ. ಮೃತರ ಸಂಖ್ಯೆಯನ್ನು ವಾರಸುದಾರರ ಹೆಸರಿಗೆ ವರ್ಗಾಯಿಸಿಕೊಳ್ಳಲು ಅವಕಾಶವಿದೆ; ಮರಣ ಪ್ರಮಾಣಪತ್ರ, ವಾರಸುದಾರರ ಗುರುತಿನ ಚೀಟಿ ಮತ್ತು ಉಳಿದ ವಾರಸುದಾರರ ಒಪ್ಪಿಗೆಯನ್ನು ಕೇಳುತ್ತಾರೆ. ಪೌತಿ ಖಾತೆಗೆಂದು ಮರಣ ಪ್ರಮಾಣಪತ್ರದ ಪ್ರತಿಗಳನ್ನು ತೆಗೆಸುವಾಗಲೇ ಒಂದು ಪ್ರತಿಯನ್ನು ಹೆಚ್ಚಿಗೆ ತೆಗೆಸಿ, ತಾಲ್ಲೂಕು ಕಚೇರಿಗೆ ಹೋದ ದಿನವೇ ಕಂಪನಿಯ ಅಂಗಡಿಗೂ ಕೊಟ್ಟು ಬರಬಹುದು.